ಇವರನ್ನು ವರ್ಗ ಮಾಡುವವರು ಯಾರು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ನಿಮ್ಮಲ್ಲಿ ಹೊಸದಾಗಿ ಪೌರತ್ವ ಸಿಕ್ಕವರೂ ಇದ್ದೀರಿ. ಈ ಮಾತು ಮುಖ್ಯವಾಗಿ ನಿಮಗೇ. ಮತಪತ್ರ ಅಂಚೆಯಲ್ಲಿ ಮನೆಗೆ ಬಂದಾಗ ನಾವು ಅಧ್ಯಕ್ಷರು, ಗವರ್ನರ್ ಅಂತ ಮೇಲಿನ ಸಾಲುಗಳಿಗೆ ಗುರುತು ಹಾಕಿ ಕೆಳಗಿನದನ್ನು ಹಾಗೇ ಬಿಟ್ಟುಬಿಡುತ್ತೇವೆ, ಅಲ್ವಾ? ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಪೊಲೀಸ್ ಮುಖ್ಯಸ್ಥರಾದ ಷೆರಿಫ್ ಹೆಸರು ಇರುವುದು ಆ ಕೆಳಗಿನ ಸಾಲುಗಳಲ್ಲಿ.

ನನಗೆ ಇದನ್ನು ಕಲಿಸಿದ್ದು ನನ್ನ ಅಪ್ಪ. ಅವರು ತಿಪಟೂರಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅವರು ಮೊದಲ ಸಲ ಇಲ್ಲಿಗೆ, ಕ್ಯಾಲಿಫೋರ್ನಿಯಾಗೆ, ಬಂದಾಗ ನಾವು ಕ್ಯುಪರ್ಟಿನೊ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಸೊಂಟದಲ್ಲಿ ಪಿಸ್ತೂಲು, ಎದೆಯ ಮೇಲೆ ನಕ್ಷತ್ರದ ಬ್ಯಾಡ್ಜು, ಕೈಯಲ್ಲಿ ಒಂದು ಕಾಗದ. ಅಮ್ಮ ದೇವರ ಪಟದ ಮುಂದೆ ಹೋಗಿ ನಿಂತುಬಿಟ್ಟರು. ನನ್ನ ಕೈಕಾಲು ತಣ್ಣಗಾಗಿತ್ತು. ಬಂದಾತ ಡೆಪ್ಯುಟಿ, ಅಂದರೆ ಷೆರಿಫ್ ಕೈಕೆಳಗಿನ ಅಧಿಕಾರಿ. ನಮಗಿಂತ ಮುಂಚೆ ಆ ಮನೆಯಲ್ಲಿದ್ದವರಿಗೆ ಕೋರ್ಟಿನ ಸಮನ್ಸ್ ತಂದಿದ್ದ. ಅವರು ಮನೆ ಖಾಲಿ ಮಾಡಿಯಾಯಿತು ಅಂದೆ, ಬರೆದುಕೊಂಡು ಹೊರಟ.

ಅಪ್ಪ ಬಿಡಲಿಲ್ಲ. ಅವರಿಗೆ ಅದು ತಮ್ಮ ಇಲಾಖೆಯ ಕೆಲಸ. ಒಳಗೆ ಕರೆದು, ಕಾಫಿ ಕೊಡಿಸಿ, ನನ್ನನ್ನು ದುಭಾಷಿ ಮಾಡಿಕೊಂಡು ಶುರು ಮಾಡಿದರು. "ನೀನು ಪೊಲೀಸಾ, ಅಮೀನನಾ?" ಎರಡೂ ಅಂದ. "ಆರೋಪಿಯನ್ನ ಹಿಡಿದ ಮೇಲೆ ಜೈಲು ಯಾರದು?" ಅದೂ ನಮ್ಮದೇ ಅಂದ. "ಕೋರ್ಟಿನ ಒಳಗೆ ಕಾವಲು?" ನಮ್ಮವರೇ. ಅಪ್ಪ ನನ್ನ ಕಡೆ ತಿರುಗಿ, "ಎಸ್ಪಿ, ಜೈಲು ಸೂಪರಿಂಟೆಂಡೆಂಟು, ಅಮೀನ, ಎಲ್ಲಾ ಒಂದೇ ಕಚೇರಿನಲ್ಲಿ ಕೂತವ್ರಲ್ಲೋ!" ಅಂದರು. ಆಮೇಲೆ ಕೇಳಿದ ಪ್ರಶ್ನೆ ಇದು. "ಸರಿ, ಇವನ ಸಾಹೇಬ್ರು ತಪ್ಪು ಮಾಡಿದ್ರೆ ಅವರನ್ನ ವರ್ಗ ಮಾಡೋರು ಯಾರು?" ಡೆಪ್ಯುಟಿ ನಕ್ಕು ನನ್ನ ಕಡೆ ಬೆರಳು ತೋರಿಸಿದ. ನೀವೇ, ವೋಟು ಹಾಕುವವರು, ಅಂದ. ನನಗೆ ಆಗ ವೋಟೇ ಇರಲಿಲ್ಲ.

ಇವತ್ತು ಹೇಳಬೇಕಾದ್ದೆಲ್ಲ ಆ ಪ್ರಶ್ನೆಯಲ್ಲೇ ಇದೆ.

ನಮ್ಮೂರಲ್ಲಿ ಎಸ್ಪಿ ಸರಿ ಇಲ್ಲ ಅಂದರೆ ಬೆಂಗಳೂರಿನಿಂದ ಒಂದು ಆದೇಶ ಬರುತ್ತದೆ, ಬೇರೆ ಜಿಲ್ಲೆಗೆ ಹೋಗುತ್ತಾರೆ. ಇಲ್ಲಿ ಹಾಗಿಲ್ಲ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ ಷೆರಿಫ್ ಚುನಾಯಿತರೇ ಆಗಬೇಕು ಅಂತ ರಾಜ್ಯದ ಸಂವಿಧಾನವೇ ಹೇಳುತ್ತದೆ. ಕೌಂಟಿಯ ಆಡಳಿತ ನಡೆಸುವ ಸೂಪರ್‌ವೈಸರ್‌ಗಳ ಮಂಡಳಿ ಬಜೆಟ್ ಕೊಡುತ್ತದೆ, ಆದರೆ ಸುಮ್ನೆ ಒಂದು ಪತ್ರ ಬರೆದು ಷೆರಿಫನ್ನು ಮನೆಗೆ ಕಳಿಸಲು ಆಗುವುದಿಲ್ಲ.

ಹೆಸರು ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಹಳೆಯ ಇಂಗ್ಲೆಂಡಿನ ಷೈರ್ ರೀವ್. ಷೈರ್ ಅಂದರೆ ಜಿಲ್ಲೆ, ರೀವ್ ಅಂದರೆ ರಾಜನ ಪರವಾಗಿ ಕಂದಾಯ, ಶಾಂತಿ ನೋಡಿಕೊಳ್ಳುವವನು. ಹಳೇ ಮೈಸೂರಿನ ಅಮಲ್ದಾರರನ್ನು ನೆನೆಸಿಕೊಳ್ಳಿ, ಹೆಚ್ಚು ಕಡಿಮೆ ಹಾಗೆ. ಬ್ರಿಟಿಷರು ಅದನ್ನೇ ಮುಂಬೈಗೂ ತಂದರು. ಅಲ್ಲಿ ಅದು ಬರೀ ಗೌರವದ ಹುದ್ದೆಯಾಗಿ ಉಳಿಯಿತು. ದಿಲೀಪ್ ಕುಮಾರ್, ಗಾವಸ್ಕರ್ ಎಲ್ಲ ಮುಂಬೈ ಷೆರಿಫ್ ಆಗಿದ್ದವರು! ಇಲ್ಲಿ ಮಾತ್ರ ಪಿಸ್ತೂಲು, ಜೈಲಿನ ಬೀಗದ ಕೈ ಎರಡೂ ಅವರ ಹತ್ತಿರವೇ.

ಈಗ ನಮ್ಮ ಸ್ಯಾಂಟಾ ಕ್ಲಾರಾ ಕೌಂಟಿ. ಕ್ಯುಪರ್ಟಿನೊಗೆ ಸ್ವಂತ ಪೊಲೀಸ್ ಇಲಾಖೆ ಇಲ್ಲ. ಸಾರಟೋಗಕ್ಕೂ ಇಲ್ಲ, ಲಾಸ್ ಆಲ್ಟೋಸ್ ಹಿಲ್ಸ್‌ಗೂ ಇಲ್ಲ. ಕೌಂಟಿಗೆ ದುಡ್ಡು ಕೊಟ್ಟು ಷೆರಿಫ್ ಕಚೇರಿಯಿಂದ ಆ ಸೇವೆ ಪಡೆಯುತ್ತವೆ. ಷೆರಿಫ್ ಕೆಳಗೆ ಅಂಡರ್‌ಷೆರಿಫ್, ಅಸಿಸ್ಟೆಂಟ್ ಷೆರಿಫ್, ಕ್ಯಾಪ್ಟನ್, ಲೆಫ್ಟಿನೆಂಟ್, ಸಾರ್ಜೆಂಟ್, ಕೊನೆಗೆ ಅಪ್ಪನ ಕೈಯಿಂದ ಕಾಫಿ ಕುಡಿದ ಆ ಡೆಪ್ಯುಟಿ. ಗಸ್ತು ಒಂದು ಕಡೆ, ಕೋರ್ಟಿನ ಕಾವಲು ಒಂದು ಕಡೆ, ಸಮನ್ಸ್, ಬಾಡಿಗೆದಾರರನ್ನು ಹೊರಗೆ ಹಾಕುವ ಆದೇಶ ನೋಡಿಕೊಳ್ಳುವ ಸಿವಿಲ್ ವಿಭಾಗ ಒಂದು ಕಡೆ. ಮನೆ ಬಿಡಿ ಅಂತ ಐದು ದಿನದ ನೋಟಿಸ್ ಬಾಗಿಲಿಗೆ ಅಂಟಿಸಿ, ಆಮೇಲೆ ಬೀಗ ಬದಲಾಯಿಸುವಾಗ ಬಂದು ನಿಲ್ಲುವವರೂ ಇವರೇ.

ಆದರೆ ನಮ್ಮ ಕಣ್ಣಿಗೆ ಬೀಳದ ದೊಡ್ಡ ಕೆಲಸ ಜೈಲು. ಸ್ಯಾನ್ ಹೋಸೆಯ ಮೇನ್ ಜೈಲು, ಮಿಲ್ಪಿಟಸ್‌ನ ಎಲ್ಮ್‌ವುಡ್. ಅಲ್ಲಿರುವವರಲ್ಲಿ ಹೆಚ್ಚಿನವರಿಗೆ ಇನ್ನೂ ಶಿಕ್ಷೆಯೇ ಆಗಿರುವುದಿಲ್ಲ. ವಿಚಾರಣೆಗೆ ಕಾಯುತ್ತಿರುವವರು. ಮಾನಸಿಕ ಕಾಯಿಲೆ ಇರುವವರು ಎಷ್ಟೋ ಜನ. 2015ರಲ್ಲಿ ಅಂಥ ಒಬ್ಬ ಕೈದಿ ನಮ್ಮದೇ ಜೈಲಿನ ಕೋಣೆಯಲ್ಲಿ ಹೊಡೆತ ತಿಂದು ಸತ್ತ. ನಾನು ಆ ಜೈಲಿನ ಮುಂದೆ ನೂರಾರು ಸಲ ಕಾರಿನಲ್ಲಿ ಹೋಗಿದ್ದೇನೆ, ಒಂದು ಸಲವೂ ತಲೆ ತಿರುಗಿಸಿ ನೋಡಿರಲಿಲ್ಲ. ಆ ಸುದ್ದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಒಳಗಿದ್ದವನನ್ನು ನೋಡಿಕೊಳ್ಳಬೇಕಾದ ಕಚೇರಿಗೆ ಯಾರು ಬೇಕು ಅಂತ ಆರಿಸುವವರು ನಾವು ತಾನೇ?

ಮತ್ತೆ ಅಪ್ಪನ ಪ್ರಶ್ನೆ. ವರ್ಗ ಮಾಡುವವರು ಯಾರು? ನಮ್ಮ ಕೌಂಟಿಯ ಷೆರಿಫ್ ಆಗಿದ್ದ ಲಾರಿ ಸ್ಮಿತ್ ನಿಮ್ಮಲ್ಲಿ ಹಳಬರಿಗೆ ನೆನಪಿರುತ್ತಾರೆ. 1998ರಲ್ಲಿ ಗೆದ್ದರು, ಕ್ಯಾಲಿಫೋರ್ನಿಯಾದಲ್ಲಿ ಷೆರಿಫ್ ಆಗಿ ಆಯ್ಕೆಯಾದ ಮೊದಲ ಮಹಿಳೆ, ಅದು ಹೆಮ್ಮೆಯ ವಿಷಯವೇ. 2022ರವರೆಗೂ ಅವರೇ ಇದ್ದರು. ಕೊನೆಗೆ ಬಂದೂಕು ಪರವಾನಗಿ ಕೊಡುವುದರಲ್ಲಿ ತಮಗೆ ಬೇಕಾದವರಿಗೆ ಅನುಕೂಲ ಮಾಡಿದರು ಅಂತ ಆರೋಪ ಹೊರಿಸಿದ್ದು ಯಾರು? ಮಂತ್ರಿಯಲ್ಲ, ಐಜಿ ಅಲ್ಲ. ಸಿವಿಲ್ ಗ್ರ್ಯಾಂಡ್ ಜ್ಯೂರಿ, ಅಂದರೆ ನಮ್ಮ ನಿಮ್ಮಂಥ 19 ಜನ ಸಾಮಾನ್ಯರು. ತೀರ್ಪು ಬರುವ ಕೆಲವೇ ದಿನ ಮೊದಲು ಅವರು ರಾಜೀನಾಮೆ ಕೊಟ್ಟರು. ಆ ವಿಚಾರಣೆಯ ಜ್ಯೂರಿ ತಪ್ಪಿತಸ್ಥೆ ಅಂತಲೇ ಹೇಳಿತು. ಪಕ್ಕದ ಸ್ಯಾನ್ ಮಟೇಯೊ ಕೌಂಟಿಯಲ್ಲಿ ಇನ್ನೊಂದು ದಾರಿ ಹಿಡಿದರು. 2025ರ ಮಾರ್ಚಿನಲ್ಲಿ ಮತದಾರರೇ ಮಂಡಳಿಗೆ ಷೆರಿಫನ್ನು ತೆಗೆಯುವ ಅಧಿಕಾರ ಕೊಟ್ಟರು, ಅಕ್ಟೋಬರಿನಲ್ಲಿ ಮಂಡಳಿ ತೆಗೆದೇಬಿಟ್ಟಿತು. ಅಲ್ಲೂ ದಾರಿ ಮಾಡಿಕೊಟ್ಟಿದ್ದು ವೋಟೇ.

ಚೀಟಿ ಬಂತು, ಐದು ನಿಮಿಷ ಅಂತೆ. ಕಾಡಿನಲ್ಲಿ ಕಳೆದುಹೋದವರನ್ನು ಹುಡುಕುವ ತಂಡ, ಬೇರೆ ರಾಜ್ಯಗಳ ಷೆರಿಫ್‌ಗಳು, ಇವುಗಳ ಬಗ್ಗೆ ಬರೆದುಕೊಂಡು ಬಂದಿದ್ದೆ, ಬಿಡುತ್ತೇನೆ. ಒಂದು ಮಾತ್ರ ಬಿಡಲಾರೆ. ಈಗಿನ ಷೆರಿಫ್ ಅವಧಿ ನಾಲ್ಕು ವರ್ಷ ಅಂತ ಲೆಕ್ಕ ಹಾಕಬೇಡಿ. ಕಾನೂನು ಬದಲಾಗಿದೆ, 2022ರಲ್ಲಿ ಗೆದ್ದವರಿಗೆ ಆರು ವರ್ಷ. ಮುಂದಿನ ಚುನಾವಣೆ 2028ರಲ್ಲಿ, ಅಧ್ಯಕ್ಷರ ಚುನಾವಣೆಯ ವರ್ಷವೇ. ಮೇಲೆ ಗಲಾಟೆ ಜಾಸ್ತಿ ಇರುತ್ತದೆ, ಕೆಳಗಿನ ಸಾಲು ಇನ್ನೂ ಸುಲಭವಾಗಿ ಮರೆತುಹೋಗುತ್ತದೆ.

ಮತದಾರರ ನೋಂದಣಿ ಫಾರಂ ಊಟದ ಹಾಲ್‌ನ ಪಕ್ಕದ ಮೇಜಿನ ಮೇಲಿದೆ. ನಾನು ಅಲ್ಲೇ ಇರುತ್ತೇನೆ. ಯಾರಿಗೆ ತುಂಬುವುದು ಕಷ್ಟವೋ ಅವರು ಬನ್ನಿ, ಜೊತೆಗೆ ಕೂತು ತುಂಬೋಣ.