ಈ ಸೀಟು ನನ್ನದಲ್ಲ ಅನ್ನಿಸುವಾಗ

ಕೇಳುಗರಿಗೆಲ್ಲ ನಮಸ್ಕಾರ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಸೈನ್ಸ್ ಮುಗಿಸಿ, ಸಿಇಟಿ ಬರೆದು ಈ ವರ್ಷ ಇಂಜಿನಿಯರಿಂಗ್ ಸೇರಿದ ಮಕ್ಕಳ ಜೊತೆ ಮಾತಾಡೋಣ ಅಂತ ಇವತ್ತು ಬಂದಿದ್ದೇನೆ. ನಿಮ್ಮಂಥವರಿಗೆ ಗಣಿತ ಪಾಠ ಮಾಡುವುದು ನನ್ನ ಕೆಲಸ. ಮೊದಲ ಸೆಮಿಸ್ಟರಿನಲ್ಲಿ ಕೊನೆಯ ಬೆಂಚು ಹುಡುಕಿ ಕೂರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹತ್ತಿರ ಹೋಗಿ ನೋಟ್ಸ್ ನೋಡಿದರೆ ಲೆಕ್ಕ ಸರಿಯಾಗಿ ಮಾಡಿರುತ್ತಾರೆ. ಬೋರ್ಡಿಗೆ ಬಂದು ಹೇಳು ಅಂದರೆ ಮಾತ್ರ, "ಬರಲ್ಲ ಮೇಡಂ" ಅನ್ನುತ್ತಾರೆ.

ಮನಸ್ಸಿನಲ್ಲಿ ಓಡುತ್ತಿರುವ ಮಾತೇ ಬೇರೆ. ಇಲ್ಲಿರುವವರೆಲ್ಲ ಬುದ್ಧಿವಂತರು, ನಾನು ಹೇಗೋ ಒಳಗೆ ಬಂದುಬಿಟ್ಟಿದ್ದೇನೆ, ಇವತ್ತಲ್ಲ ನಾಳೆ ಎಲ್ಲರಿಗೂ ಗೊತ್ತಾಗುತ್ತೆ. ಇಂಪೋಸ್ಟರ್ ಸಿಂಡ್ರೋಮ್ ಅಂತ ಈಗ ಎಲ್ಲರೂ ಕರೆಯುವುದು ಇದನ್ನೇ. 1978ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್, ಇದರ ಬಗ್ಗೆ ಬರೆದರು. ಅವರು ಕಂಡು ಮಾತಾಡಿಸಿದ್ದು ಓದಿನಲ್ಲಿ, ಕೆಲಸದಲ್ಲಿ ಹೆಸರು ಮಾಡಿದ್ದ 150ಕ್ಕೂ ಹೆಚ್ಚು ಹೆಂಗಸರನ್ನು. ಪಿಎಚ್‌ಡಿ ಮಾಡಿದವರಿಗೂ ಈ ಭಯ ಇತ್ತು! ಹಾಗಂತ ಇದು ಕಾಯಿಲೆ ಅಲ್ಲ.

ಈ ಭಯ ಒಂದು ವಿಚಿತ್ರ ಲೆಕ್ಕ ಹಾಕುತ್ತದೆ. ರಾತ್ರಿಯೆಲ್ಲ ಓದಿ ಒಳ್ಳೆ ಮಾರ್ಕ್ಸ್ ಬಂದರೆ, ಅಷ್ಟು ಕಷ್ಟಪಟ್ಟಿದ್ದಕ್ಕೆ ಬಂತು, ನನಗೇನು ಬುದ್ಧಿ ಇದೆಯಾ ಅನ್ನಿಸುತ್ತದೆ. ಕೊನೆ ಗಳಿಗೆಯಲ್ಲಿ ಓದಿ ಪಾಸಾದರೆ ಲಕ್ಕು. ಫೇಲಾದರೆ? ಆ ತಪ್ಪು ಮಾತ್ರ ಪೂರ್ತಿ ನನ್ನದೇ! ಗೆದ್ದದ್ದು ಯಾವತ್ತೂ ಖಾತೆಗೆ ಜಮಾ ಆಗುವುದೇ ಇಲ್ಲ.

ಇದರ ಜೊತೆಗೆ ನಿಮಗೆ ಇನ್ನೊಂದು ಚುಚ್ಚುಮಾತು. "ನಿನಗೇನಪ್ಪ, ಕೋಟಾ ಸೀಟು." ನಮ್ಮಲ್ಲಿ ಸಿಇಟಿ ಸೀಟುಗಳಲ್ಲಿ ಕನ್ನಡ ಮಾಧ್ಯಮದವರಿಗೆ ಶೇಕಡಾ 5, ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15 ಮೀಸಲು. ಆ ಸೀಟನ್ನೂ ರ‍್ಯಾಂಕ್ ನೋಡಿಯೇ ಕೊಡುವುದು. ಟ್ಯೂಷನ್ ಇಲ್ಲದೆ, ದಿನಾ ಬಸ್ಸಿಗೆ ಕಾದು ಓದಿದ ಹುಡುಗಿಯ ರ‍್ಯಾಂಕನ್ನು ಯಾರಾದರೂ ಹಗುರವಾಗಿ ಆಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ನಮ್ಮ ಮೇಲಿನ ಅನುಮಾನ ಎಷ್ಟೋ ಸಲ ನಮ್ಮಲ್ಲಿ ಹುಟ್ಟಿದ್ದೇ ಅಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಮುಂಬಯಿಯಿಂದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬಿ.ಎಸ್ಸಿ.ಯಲ್ಲಿ ಅವರದೇ ಮೊದಲ ಸ್ಥಾನ. ಆದರೂ ಹೆಣ್ಣು ಅನ್ನುವ ಕಾರಣಕ್ಕೆ, ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಸೀಟು ಸಿಕ್ಕಿತು, ಆದರೆ ಮೊದಲ ಒಂದು ವರ್ಷ ಪ್ರೊಬೇಷನ್. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನಿನ ಮೇಲೆ ಅವರು ಕೆಲಸ ಮಾಡಿದರು. ವರ್ಷ ಕಳೆದ ಮೇಲೆ ರಾಮನ್ ಅವರೇ ಅದನ್ನು ಮೆಚ್ಚಿಕೊಂಡರು. 1939ರಲ್ಲಿ ಕಮಲಾಗೆ ಕೇಂಬ್ರಿಜ್‌ನಿಂದ ಪಿಎಚ್‌ಡಿ ಬಂತು. ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಅಂತ ನಮಗೆ ಗೊತ್ತಿರುವುದು ಅವರೇ. ಆ ಪ್ರೊಬೇಷನ್ ಅನ್ಯಾಯವೇ. ಆದರೆ ಅನುಮಾನ ಪಟ್ಟವರ ಮಾತನ್ನು ತನ್ನ ಯೋಗ್ಯತೆಯ ಅಳತೆ ಅಂತ ಅವರು ಒಪ್ಪಿಕೊಳ್ಳಲಿಲ್ಲ ನೋಡಿ, ಅದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಈಗ ನಿಮ್ಮ ವಿಷಯ. ಪಾಠ ತಲೆಗೆ ಹೋಗದಿದ್ದಾಗ, ಗೊತ್ತಾಗದೇ ಇದ್ದದ್ದು ಗಣಿತವಾ, ಇಂಗ್ಲಿಷಾ ಅಂತ ಮೊದಲು ನೋಡಿಕೊಳ್ಳಿ. ಸಂಜೆ ಹಾಸ್ಟೆಲ್ಲಿನಲ್ಲಿ ಅದೇ ಲೆಕ್ಕವನ್ನು ರೂಮ್‌ಮೇಟಿಗೆ ಕನ್ನಡದಲ್ಲಿ ಹೇಳಿ. ಹೇಳಲು ಬಂದರೆ ವಿಷಯ ನಿಮಗೆ ಗೊತ್ತಿದೆ ಅಂತಲೇ ಅರ್ಥ. ಇಂಗ್ಲಿಷ್ ಕೇಳುತ್ತಾ, ಬರೆಯುತ್ತಾ ಬರುತ್ತದೆ. ಎಲ್ಲೋ ಮಧ್ಯೆ ತಡವರಿಸಿದರೆ, ಯಾವ ಸಾಲಿನಲ್ಲಿ ಅಂತ ಗುರುತು ಹಾಕಿಕೊಂಡು ಮಾರನೇ ದಿನ ನಿಮ್ಮ ಲೆಕ್ಚರರ್ ಹತ್ತಿರ ಹೋಗಿ. ಕನ್ನಡದಲ್ಲೇ ಕೇಳಿ, ಪರವಾಗಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಕ್ಲಾಸಿನಲ್ಲಿ ತಲೆಯಾಡಿಸುವವರಿಗೆಲ್ಲ ಅರ್ಥವಾಗಿರುತ್ತದೆ ಅಂದುಕೊಳ್ಳಬೇಡಿ. ಅವರ ಇಂಟರ್ನಲ್ಸ್ ಪೇಪರ್ ತಿದ್ದುವವಳು ನಾನೇ ಅಲ್ವಾ! ನೀವು ಕೇಳುವ ಪ್ರಶ್ನೆ ಅವರಿಗೂ ಬೇಕಾಗಿರುತ್ತದೆ. ಇನ್ನು ಪೇಪರ್ ಕೈಗೆ ಬಂದಾಗ ಕೆಂಪು ಗೆರೆ ಮಾತ್ರ ನೋಡಿ ಮಡಚಿಡಬೇಡಿ. ಸರಿ ಬಂದ ಲೆಕ್ಕಗಳನ್ನೂ ಒಮ್ಮೆ ಓದಿ.

ನನ್ನ ಜೊತೆ ಪಾಠ ಮಾಡುವ ಗೆಳೆಯ ಗೆಳತಿಯರಲ್ಲೂ ಒಂದು ಕೋರಿಕೆ. ಒಬ್ಬ ಹುಡುಗನ ಉಚ್ಚಾರಣೆ ಕೇಳಿ ಕ್ಲಾಸು ನಕ್ಕಾಗ ನಾವು ಸುಮ್ನೆ ಇದ್ದುಬಿಟ್ಟರೆ, ಅವನು ಮತ್ತೆ ಬಾಯಿ ಬಿಡುವುದಿಲ್ಲ. ಆ ನಗುವನ್ನು ಅಲ್ಲೇ ನಿಲ್ಲಿಸಬೇಕಾದವರು ನಾವು.

ಕೆಲವರಿಗೆ ಇದು ಇಷ್ಟಕ್ಕೇ ನಿಲ್ಲುವುದಿಲ್ಲ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ. ಹಾಗಾದರೆ ಒಬ್ಬರೇ ನುಂಗಿಕೊಂಡು ಕೂರಬೇಡಿ ಮಕ್ಕಳೇ. ಮನೆಗೆ ಫೋನ್ ಮಾಡಿ. ಮನೆಯಲ್ಲಿ ಹೇಳಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.