ಇಡ್ಲಿ ಡಬ್ಬಿಯಲ್ಲಿ ಬಂದ ಬೆಟ್ಟದ ಹೂ

ಕೇಳುಗರಿಗೆ ನಮಸ್ಕಾರ. ನನಗೆ ಕೊಟ್ಟಿರುವುದು ಮೂರೇ ನಿಮಿಷ, ಹೇಳಬೇಕಾಗಿರುವುದೂ ಒಂದೇ ಮಾತು: ಬೆಟ್ಟದ ಗಿಡ ಬೆಟ್ಟದಲ್ಲೇ ಇರಲಿ.

ನೀಲಗಿರಿಯ ಹುಲ್ಲುಗಾವಲಿನಲ್ಲಿ ಒಂದು ಕಾಡು ವಯೊಲೆಟ್ ಇದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ವಯೋಲಾ ಬೆಟೋನಿಸಿಫೋಲಿಯಾ. ಹಿಮಾಲಯದಲ್ಲೂ ಉಂಟು, ದೂರದ ಆಸ್ಟ್ರೇಲಿಯಾದಲ್ಲೂ ಉಂಟು. ನರ್ಸರಿಯವರು ಮಾರುವ ಆಫ್ರಿಕನ್ ವಯೊಲೆಟ್ ಇದಲ್ಲ. ಅದು ವಯೊಲೆಟ್ಟೇ ಅಲ್ಲ, ಎಷ್ಟು ಸಲ ಹೇಳಿದರೂ ಯಾರೂ ನಂಬುವುದಿಲ್ಲ. ಲಾಲ್‌ಬಾಗಿನಲ್ಲಿ ನೀವು ನೋಡುವ ಪ್ಯಾನ್ಸಿ ಮಾತ್ರ ಇದರ ನೆಂಟ. ಆದರೆ ಇದಕ್ಕೆ ಆ ಥಳಕಿಲ್ಲ. ಪುಟ್ಟ ಗಿಡ, ಈಟಿಯ ಮೊನೆಯಂಥ ಎಲೆ, ಐದು ನೇರಳೆ ಎಸಳು. ಮಂಡಿಯೂರಿದರೇ ಮುಖ ಕಾಣುವುದು.

ನಮ್ಮ ಬಡಾವಣೆಯ ಹಿರಿಯರೊಬ್ಬರು ಊಟಿಗೆ ಹೋದಾಗ ಇದನ್ನು ಬೇರುಸಮೇತ ಕಿತ್ತು, ಖಾಲಿಯಾದ ಇಡ್ಲಿ ಡಬ್ಬಿಯಲ್ಲಿಟ್ಟು ತಂದರು. ತಂದ ಮೇಲೆ ನನಗೆ ಫೋನ್: ಗೊಬ್ಬರ ಯಾವುದು ಹಾಕಲಿ? "ವಾಪಸ್ ಹೋಗಿ ನೆಟ್ಟು ಬನ್ನಿ" ಎಂದೆ. ಅವರು ನಕ್ಕರು, ನಾನು ನಗಲಿಲ್ಲ. ಎರಡು ತಿಂಗಳಾದ ಮೇಲೆ ಮತ್ತೆ ಫೋನ್: "ಸಾರ್, ಹೂವೇ ಬಿಡದೆ ಕಾಯಿ ಬಿಟ್ಟಿದೆ!" ಹೋಗಿ ನೋಡಿದರೆ, ಅವರ ಮನೆಯವರು ಆಗಲೇ ಕುಂಡಕ್ಕೆ ಅರಿಸಿನ ಕುಂಕುಮ ಇಟ್ಟಿದ್ದಾರೆ. ಪವಾಡವೇನೂ ಅಲ್ಲ. ವಯೊಲೆಟ್‌ಗೆ ಎರಡು ಬಗೆಯ ಹೂ. ಒಂದು ಅರಳಿ ಕೀಟಗಳನ್ನು ಕರೆಯುತ್ತದೆ. ಇನ್ನೊಂದು ಮೊಗ್ಗಾಗಿಯೇ ಉಳಿದು, ತನ್ನದೇ ಪರಾಗದಿಂದ ಒಳಗೊಳಗೇ ಕಾಯಿ ಕಟ್ಟುತ್ತದೆ. ಇದನ್ನು ವಿವರಿಸುವಷ್ಟರಲ್ಲಿ ಎರಡು ಲೋಟ ಕಾಫಿ ಆಯಿತು.

ಕಾಯಿ ಮೂರು ಹೋಳಾಗಿ ಬಿರಿದು ಬೀಜ ಸಿಡಿಯಿತು. ಬೆಟ್ಟವಾಗಿದ್ದರೆ, ಬೀಜಕ್ಕೆ ಅಂಟಿರುವ ಕೊಬ್ಬಿನ ತುಣುಕಿನ ಆಸೆಗೆ ಇರುವೆಗಳು ಅದನ್ನು ಗೂಡಿಗೆ ಎಳೆದೊಯ್ದು, ತುಣುಕು ತಿಂದು ಬೀಜವನ್ನು ಮಣ್ಣಿಗೆ ಬಿಡುತ್ತಿದ್ದವು. ಇಲ್ಲಿ ಮೂರನೆಯ ಮಹಡಿ. ಇರುವೆ ಬಾರದಂತೆ ಬಾಲ್ಕನಿಯ ಸುತ್ತ ಔಷಧದ ಸೀಮೆಸುಣ್ಣದ ಗೆರೆ. ಮಾರ್ಚ್ ಬಿಸಿಲಿಗೆ ಗಿಡವೂ ಹೋಯಿತು. ಅದಕ್ಕೇ ಹೇಳುವುದು, ಬೆಟ್ಟದ ಗಿಡ ಬೆಟ್ಟದಲ್ಲೇ ಇರಲಿ.

ಕಥೆಯಲ್ಲೇ ಸಮಯ ಕಳೆಯಿತು. ವಯೊಲೆಟ್ ಎಲೆಯನ್ನೇ ತಿಂದು ಬೆಳೆಯುವ ಫ್ರಿಟಿಲರಿ ಚಿಟ್ಟೆಯ ವಿಷಯ ಉಳಿಯಿತು. ಹುಲ್ಲುಗಾವಲನ್ನು ಪಾಳು ನೆಲವೆಂದು ಬಗೆದು ಬ್ರಿಟಿಷರ ಕಾಲದಿಂದ ಅಲ್ಲಿ ವಾಟಲ್ ನೆಟ್ಟರು, ಆಸ್ಟ್ರೇಲಿಯಾದ ಇನ್ನೊಂದು ಮರವನ್ನೂ ನೆಟ್ಟರು. ಆ ಮರವನ್ನು ನಾವು ನೀಲಗಿರಿ ಎಂದೇ ಕರೆಯುತ್ತೇವೆ! ಹುಲ್ಲು ಹೋದಲ್ಲಿ ಈ ಹೂವಿಗೂ ನೆಲೆಯಿಲ್ಲ.

ಮುಂದಿನ ರಜೆಗೆ ಊಟಿಗೆ ಹೊರಟವರು ಮಂಡಿಯಡಿಗೆ ಹಾಕಿಕೊಳ್ಳಲು ಒಂದು ಹಳೆಯ ಟವೆಲ್ ಒಯ್ಯಿರಿ. ಇಡ್ಲಿ ಡಬ್ಬಿ ಬಸ್ಸಿನಲ್ಲೇ ಇರಲಿ. ನಮಸ್ಕಾರ.