ಟೆಸ್ಲಾ ಕಾಯಿಲ್: ವೋಲ್ಟೇಜ್ ಇಳಿದರೂ ಕಿಡಿ ಉದ್ದವಾಗುವುದು ಹೇಗೆ?

[ದೃಶ್ಯ: ಕತ್ತಲ ಕೋಣೆ, ಉರಿಯುತ್ತಿರುವ ಟೆಸ್ಲಾ ಕಾಯಿಲ್]

ಟೆಸ್ಲಾ ಕಾಯಿಲ್ ಅಂದರೆ ತಂತಿ ಸುರುಳಿಗಳಿಂದ ಭಾರೀ ವೋಲ್ಟೇಜ್ ಹುಟ್ಟಿಸಿ ಗಾಳಿಯಲ್ಲಿ ಕಿಡಿ ಹಾರಿಸುವ ಯಂತ್ರ. ಕಾಯಿಲ್‌ನ ನೆತ್ತಿಯ ಮೇಲಿರುವ ಈ ದಪ್ಪ ಲೋಹದ ಬಳೆಯೇ ಟಾಪ್‌ಲೋಡ್. ಇದನ್ನು ದೊಡ್ಡದು ಮಾಡಿದರೆ ವೋಲ್ಟೇಜ್ ಇಳಿಯುತ್ತದೆ. ಆದರೂ ಎಷ್ಟೋ ಕಾಯಿಲ್‌ಗಳಲ್ಲಿ ಕಿಡಿ ಇನ್ನಷ್ಟು ಉದ್ದವಾಗುತ್ತದೆ. ನನಗೆ ಈ ಯಂತ್ರದಲ್ಲಿ ಅತಿ ಚೆಂದದ ವಿಷಯ ಇದೇ.

[ಪರದೆಯಲ್ಲಿ ಲೆಕ್ಕ]

ಕೆಳಗಿನ ಸುರುಳಿ ಪ್ರೈಮರಿ, ಟಾಪ್‌ಲೋಡ್ ಹೊತ್ತ ಎತ್ತರದ ಸುರುಳಿ ಸೆಕೆಂಡರಿ. ಚಾರ್ಜ್ ಕೂಡಿಡುವ 20 ನ್ಯಾನೋಫ್ಯಾರಡ್‌ನ ಪ್ರೈಮರಿ ಕೆಪಾಸಿಟರ್ 10 ಕಿಲೋವೋಲ್ಟ್‌ವರೆಗೆ ಚಾರ್ಜ್ ಆಗಿದೆ ಅಂದುಕೊಳ್ಳಿ. ಅದರಲ್ಲಿರುವುದು 1 ಜೌಲ್ ಶಕ್ತಿ. ಸ್ಪಾರ್ಕ್ ಗ್ಯಾಪ್, ಅಂದರೆ ಕಿಡಿ ಹಾರಿ ಈ ಶಕ್ತಿಯನ್ನು ಪ್ರೈಮರಿಗೆ ಬಿಡುವ ಸಣ್ಣ ಸಂದು, ಒಮ್ಮೆ ಹೊತ್ತಿದಾಗ ಸೆಕೆಂಡರಿಗೆ ಸಿಗುವುದು ಹೆಚ್ಚೆಂದರೆ ಅಷ್ಟೇ. ಸೆಕೆಂಡರಿ ಮತ್ತು ಟಾಪ್‌ಲೋಡ್ ಸೇರಿ ಕೆಪಾಸಿಟನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) 25 ಪಿಕೋಫ್ಯಾರಡ್ ಇದ್ದರೆ, ನಷ್ಟವೇ ಇಲ್ಲ ಅಂದುಕೊಂಡರೆ, ತುದಿಯಲ್ಲಿ ಸುಮಾರು 283 ಕಿಲೋವೋಲ್ಟ್. ಟಾಪ್‌ಲೋಡ್ ದೊಡ್ಡದಾಗಿ 50 ಪಿಕೋಫ್ಯಾರಡ್ ಆದರೆ 200 ಮಾತ್ರ. ಎಷ್ಟು ಸುತ್ತು ತಂತಿ ಸುತ್ತಿದ್ದೀರಿ ಅನ್ನುವುದು ಈ ಲೆಕ್ಕದಲ್ಲಿ ನೇರವಾಗಿ ಬರುವುದೇ ಇಲ್ಲ, ನೋಡಿ.

ಗಾಳಿ ಸೆಂಟಿಮೀಟರ್‌ಗೆ ಸುಮಾರು 30 ಕಿಲೋವೋಲ್ಟ್ ತಡೆಯುತ್ತದೆ. ಹಾಗೆ ನೋಡಿದರೆ 200 ಕಿಲೋವೋಲ್ಟ್‌ಗೆ 7 ಸೆಂಟಿಮೀಟರ್ ದಾಟಲೂ ಆಗಬಾರದು. ಆದರೆ ಒಂದು ಮೀಟರ್ ಮೀರಿದ ಕಿಡಿ ಕಣ್ಣೆದುರೇ ಇದೆ!

[ದೃಶ್ಯ: ಸ್ಲೋ ಮೋಷನ್‌ನಲ್ಲಿ ಬೆಳೆಯುವ ಕಿಡಿ]

ಕಿಡಿ ಒಂದೇ ಏಟಿಗೆ ಅಷ್ಟು ದೂರ ಹೋಗುವುದಿಲ್ಲ. ಗ್ಯಾಪ್ ಸೆಕೆಂಡಿಗೆ ನೂರಾರು ಸಲ ಹೊತ್ತುತ್ತದೆ. ಮೊದಲ ಏಟು ಕೊರೆದ ದಾರಿ ಬಿಸಿಯಾಗಿರುವಾಗಲೇ ಎರಡನೆಯದು ಅದೇ ದಾರಿ ಹಿಡಿದು ಸ್ವಲ್ಪ ಮುಂದೆ ಸಾಗುತ್ತದೆ. ದಾರಿ ಬಿಸಿಯಾಗಿ ಉಳಿಯಲು ಬರೀ ವೋಲ್ಟೇಜ್ ಸಾಲದು, ಕರೆಂಟ್ ಬೇಕು. ಅದನ್ನು ಆ ಕ್ಷಣಕ್ಕೆ ಒದಗಿಸುವುದು ಟಾಪ್‌ಲೋಡ್‌ನಲ್ಲಿ ಕೂಡಿಬಿದ್ದ ಚಾರ್ಜ್. ನಮ್ಮ ಉದಾಹರಣೆಯಲ್ಲಿ 25 ಪಿಕೋಫ್ಯಾರಡ್ ಇದ್ದಾಗ ಅದು ಸುಮಾರು 7 ಮೈಕ್ರೋಕೂಲಂಬ್, 50 ಇದ್ದಾಗ 10.

ಆಕಾರದ ಮಾತೂ ಇದೆ. 5 ಸೆಂಟಿಮೀಟರ್ ತ್ರಿಜ್ಯದ ಒಂಟಿ ಗೋಳದ ಸುತ್ತಲಿನ ಗಾಳಿ ಸುಮಾರು 150 ಕಿಲೋವೋಲ್ಟ್‌ಗೆ ಸೋಲುತ್ತದೆ, 10 ಸೆಂಟಿಮೀಟರ್ ತ್ರಿಜ್ಯದ್ದಾದರೆ 300ಕ್ಕೆ. ಸಣ್ಣ ಟಾಪ್‌ಲೋಡ್ ಬೇಗನೆ, ಹಲವು ಕಡೆ ಸೋರಿ, ತೆಳ್ಳಗಿನ ಕಿಡಿಗಳಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಇದನ್ನು ನಿಕೋಲಾ ಟೆಸ್ಲಾ ಚೆನ್ನಾಗಿ ಬಲ್ಲವರಾಗಿದ್ದರು. 1914ರಲ್ಲಿ ಅವರಿಗೆ ಸಿಕ್ಕ ಪೇಟೆಂಟ್‌ನಲ್ಲಿ ದೊಡ್ಡ ದುಂಡು ಮೇಲ್ಮೈಯ ಟರ್ಮಿನಲ್ ಇದೆ, ಚಾರ್ಜ್ ಸೋರದಿರಲಿ ಎಂದೇ.

ಹಾಗಂತ ಮಿತಿಯಿಲ್ಲದೆ ಹಿಗ್ಗಿಸಿದರೆ? ಮೇಲ್ಮೈಯ ವಿದ್ಯುತ್ ಕ್ಷೇತ್ರ ಗಾಳಿಯನ್ನು ಒಡೆಯುವ ಮಟ್ಟಕ್ಕೆ ಏರುವುದೇ ಇಲ್ಲ, ಕಿಡಿ ಹೊರಡುವುದಿಲ್ಲ. ಬಳೆಯ ಅಂಚಿಗೆ ಒಂದು ಚೂಪಾದ ಕಡ್ಡಿ ಸಿಕ್ಕಿಸಿದರೆ ಅಲ್ಲಿಂದ ಒಂದೇ ಕಡೆಗೆ ಕಿಡಿ ಚಿಮ್ಮಬಹುದು. ಅದಕ್ಕೂ ಬಗ್ಗದಿದ್ದರೆ ನಿಮ್ಮ ಪವರ್‌ಗೆ ಆ ಬಳೆ ಅತಿಯಾಯಿತು.

[ದೃಶ್ಯ: ಪ್ರೈಮರಿ ಸುತ್ತುಗಳು, ಟ್ಯಾಪ್‌ನ ಕ್ಲೋಸಪ್]

ಟಾಪ್‌ಲೋಡ್ ಬದಲಿಸಿದ ಮೇಲೆ ಟ್ಯೂನಿಂಗ್ ಮರೆಯಬೇಡಿ. ಕೆಪಾಸಿಟನ್ಸ್ ಏರಿದಂತೆ ಸೆಕೆಂಡರಿಯ ಅನುರಣನ ಆವರ್ತನ, ಅಂದರೆ ಅದು ಸಹಜವಾಗಿ ಮಿಡಿಯುವ ವೇಗ, ಇಳಿಯುತ್ತದೆ. ಪ್ರೈಮರಿಯನ್ನೂ ಅದಕ್ಕೆ ಹೊಂದಿಸಬೇಕು. ಚಪ್ಪಟೆ ಸುರುಳಿಯ ಪ್ರೈಮರಿಯಾದರೆ ಟ್ಯಾಪನ್ನು (ಎಷ್ಟು ಸುತ್ತು ಬಳಕೆಯಾಗಬೇಕೆಂದು ನಿರ್ಧರಿಸುವ ಸಂಪರ್ಕವನ್ನು) ಹೊರಸುತ್ತಿನ ಕಡೆ ಸರಿಸಿ. ಕಿಡಿಯೂ ತನ್ನದೇ ಕೆಪಾಸಿಟನ್ಸ್ ಸೇರಿಸುವುದರಿಂದ, ಲೆಕ್ಕದಲ್ಲಿ ಬಂದದ್ದಕ್ಕಿಂತ ತುಸು ಹೊರಗೇ ಇಡಿ. ಟ್ಯಾಪ್ ಮುಟ್ಟುವ ಮುಂಚೆ ಮಾತ್ರ ಪ್ಲಗ್ ಕಿತ್ತು, ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿಲ್ಲವೆಂದು ಖಚಿತಮಾಡಿಕೊಳ್ಳಿ. ಅದರಲ್ಲಿ ಉಳಿಯುವ ಚಾರ್ಜ್ ಪ್ರಾಣಕ್ಕೇ ಅಪಾಯ.